ಯೆರೂಸಲೇಮಿಗೆ ಹೋಗುವದು ಅವಶ್ಯವೋ?

ಓದತಕ್ಕ ಸತ್ಯವೇದಭಾಗಗಳು: ಕೀರ್ತನೆ 122, ಯೋಹಾನ 4:19–26, ಅಪೊಸ್ತಲರ ಕೃತ್ಯಗಳು 8:26–40, ಇಬ್ರಿಯರಿಗೆ 13:12–16.



ನಮ್ಮ ಸಭೆಯಲ್ಲಿ ಎಪ್ಪತ್ತು ವರುಷ ದಾಟಿದ ಒಬ್ಬ ಹಿರಿಯರುಂಟು. ಕಳೆದ ಸುಗ್ಗಿಯ ತರುವಾಯ ಒಂದು ಸಾಯಂಕಾಲ ಪ್ರಾರ್ಥನೆ ಮುಗಿದ ಮೇಲೆ, ಎಲ್ಲರೂ ಹೊರಟುಹೋಗುವ ವರೆಗೆ ಅವರು ಕಾದಿದ್ದು, ಅಂಗಿಯ ಜೇಬಿನಿಂದ ಮಡಿಚಿದ ಕಾಗದವೊಂದನ್ನು ತೆಗೆದು ನನ್ನ ಕೈಗೆ ಕೊಟ್ಟರು. ಅದು ಪಟ್ಟಣದಲ್ಲಿರುವ ಅವರ ಮಗನು ಕಳುಹಿಸಿದ್ದು. ಯೆರೂಸಲೇಮು, ಬೇತ್ಲೆಹೇಮು, ಗಲಿಲಾಯ, ಇವುಗಳನ್ನು ಹತ್ತು ದಿನಗಳಲ್ಲಿ ತೋರಿಸಿ ಕರತರುವ ಪ್ರಯಾಣದ ಪ್ರಕಟಣೆಯು ಅದರಲ್ಲಿ ಅಚ್ಚಾಗಿತ್ತು. "ಅಯ್ಯನವರೇ, ನಮ್ಮ ನೆರೆಮನೆಯವರು ಕಾಶಿಗೆ ಹೋಗಿಬಂದರು. ನಿಮ್ಮವರಿಗೆ ಯಾತ್ರೆಯೇ ಇಲ್ಲವೋ ಎಂದು ನನ್ನನ್ನು ಕೇಳಿದರು. ಕೆರೆಯ ಕೆಳಗಿನ ಗದ್ದೆಯನ್ನು ಅಡವಿಟ್ಟರೆ ನಾನು ಹೋಗುವಷ್ಟು ಹಣ ದೊರೆಯುವದು. ಕರ್ತನು ನಡೆದಾಡಿದ ನೆಲವನ್ನು ಕಾಣದೆ ನಾನು ಸತ್ತರೆ ನನಗೆ ಏನಾದರೂ ಕೊರತೆಯಾಗುವದೋ?" ಎಂದು ಕೇಳಿದರು.

ಆ ಗದ್ದೆಯನ್ನು ನಾನು ಬಲ್ಲೆನು. ತೀರಿಹೋದ ಹಿರೀ ಮಗನ ಹೆಂಡತಿಯೂ ಅವಳ ಇಬ್ಬರು ಮಕ್ಕಳೂ ಅದರ ಬೆಳೆಯಿಂದಲೇ ಉಣ್ಣುತ್ತಾರೆ. ಆದದರಿಂದ ನಾನು ಅವಸರದಿಂದ, "ಬೇಡ ಅಜ್ಜಾ, ಅದರಲ್ಲಿ ಏನೂ ಇಲ್ಲ" ಎಂದುಬಿಟ್ಟೆನು. ಅವರು ಕಾಗದವನ್ನು ತಿರಿಗಿ ಮಡಿಚಿ, ಮಾತನಾಡದೆ ಮನೆಗೆ ಹೋದರು. ಆ ರಾತ್ರಿ ನನಗೆ ಸಮಾಧಾನವಿರಲಿಲ್ಲ. ಗದ್ದೆಯ ವಿಷಯದಲ್ಲಿ ನಾನು ಹೇಳಿದ್ದು ಸರಿಯಿರಬಹುದು. ಆದರೆ "ಅದರಲ್ಲಿ ಏನೂ ಇಲ್ಲ" ಎಂಬ ಮಾತು ಸರಿಯೋ? ಎಣ್ಣೇಮರಗಳ ಗುಡ್ಡ, ಕಿದ್ರೋನ್ ಹಳ್ಳ, ಸಿಲೋವ ಕೊಳ, ಕಲ್ವಾರಿ ಎಂಬ ಹೆಸರುಗಳನ್ನು ವಾರವಾರವೂ ಸಭೆಯ ಮುಂದೆ ಓದುವ ಉಪದೇಶಿಯು ಹಾಗೆ ಹೇಳತಕ್ಕದ್ದಲ್ಲ. ಆ ಹಿರಿಯರಿಗೆ ಕೊಡಬೇಕಾಗಿದ್ದ ಉತ್ತರವನ್ನು ಸತ್ಯವೇದದಲ್ಲಿಯೂ ಸಭೆಯ ಚರಿತ್ರೆಯಲ್ಲಿಯೂ ಹುಡುಕಿ, ಇತರ ಸಭೆಯವರಿಗೂ ಪ್ರಯೋಜನವಾದೀತೆಂದು ಇಲ್ಲಿ ಬರೆಯುತ್ತೇನೆ.

1. ಹಳೇ ಒಡಂಬಡಿಕೆಯ ಯಾತ್ರಿಕರು

ಇಸ್ರಾಯೇಲ್ಯರಿಗೆ ಯಾತ್ರೆಯು ದೇವರ ಆಜ್ಞೆಯೇ ಆಗಿತ್ತು. ಗಂಡಸರೆಲ್ಲರೂ ವರುಷಕ್ಕೆ ಮೂರಾವರ್ತಿ, ಅಂದರೆ ಪಸ್ಕಹಬ್ಬದಲ್ಲಿಯೂ ವಾರಗಳ ಹಬ್ಬದಲ್ಲಿಯೂ ಪರ್ಣಶಾಲೆಗಳ ಹಬ್ಬದಲ್ಲಿಯೂ, ದೇವರು ಆರಿಸಿಕೊಂಡ ಸ್ಥಳಕ್ಕೆ ಬರಬೇಕೆಂದೂ ಬರಿಗೈಯಲ್ಲಿ ಬರಬಾರದೆಂದೂ ಮೋಶೆಯ ಧರ್ಮಶಾಸ್ತ್ರವು ಹೇಳುತ್ತದೆ (ಧರ್ಮೋಪದೇಶಕಾಂಡ 16:16). ಕೀರ್ತನೆಗಳ ಪುಸ್ತಕದಲ್ಲಿ 120ರಿಂದ 134ರ ವರೆಗೆ ಇರುವ ಹದಿನೈದು ಕೀರ್ತನೆಗಳು ಈ ಪ್ರಯಾಣದಲ್ಲಿ ಹಾಡಲ್ಪಡುತ್ತಿದ್ದವೆಂದು ಬಹು ಮಂದಿ ಪಂಡಿತರು ಎಣಿಸುತ್ತಾರೆ.

ಯೆರೂಸಲೇಮಿಗೆ "ಹೋಗುವದು" ಎಂದು ಹೇಳದೆ "ಹತ್ತಿಹೋಗುವದು" ಎಂದು ಸತ್ಯವೇದವು ಹೇಳುವದೇಕೆ? ಆ ಪಟ್ಟಣವು ಸಮುದ್ರಮಟ್ಟದಿಂದ ಸುಮಾರು 2,500 ಅಡಿ ಎತ್ತರದಲ್ಲಿ ಬೆಟ್ಟಗಳ ನಡುವೆ ಇದೆ. ಯೆರಿಕೋವಾದರೋ ಸಮುದ್ರಮಟ್ಟಕ್ಕಿಂತಲೂ 800 ಅಡಿಗೆ ಹೆಚ್ಚು ತಗ್ಗಿನಲ್ಲಿದೆ. ನಮ್ಮ ಕರ್ತನು ತನ್ನ ಕಡೇ ಪ್ರಯಾಣದಲ್ಲಿ ಯೆರಿಕೋವಿನಿಂದ ಹೊರಟು, ನೀರಿಲ್ಲದ ಬೋಳುಗುಡ್ಡಗಳ ನಡುವೆ ಮೂರು ಸಾವಿರ ಅಡಿಗಿಂತ ಹೆಚ್ಚು ಏರಿಬಂದನು. ಆತನು ಹನ್ನೆರಡು ವರುಷದವನಾಗಿದ್ದಾಗಲೂ ತಂದೆತಾಯಿಗಳ ಸಂಗಡ ಪಸ್ಕಹಬ್ಬಕ್ಕೆ ಬಂದಿದ್ದನು (ಲೂಕ 2:41–42). ಹೀಗೆ ನಮ್ಮ ಕರ್ತನು ತಾನೇ ಯಾತ್ರಿಕನಾಗಿದ್ದನು. ಯಾತ್ರೆಗೆ ಹೋಗಬೇಕೆಂಬ ಆಶೆಯನ್ನು ಹಾಸ್ಯಮಾಡುವವರು ಇದನ್ನು ಮರೆಯಬಾರದು.

2. ಕರ್ತನು ಕಲಿಸಿದ್ದು

ಆದರೂ ಯಾಕೋಬನ ಬಾವಿಯ ಬಳಿಯಲ್ಲಿ ಸಮಾರ್ಯದ ಹೆಂಗಸು, ಗೆರಿಜೀಮ್ ಬೆಟ್ಟವೋ ಯೆರೂಸಲೇಮೋ ಎಂಬ ಹಳೇ ವಾದವನ್ನು ಎತ್ತಿದಾಗ ಕರ್ತನು ಏನು ಹೇಳಿದನು? ತಂದೆಯನ್ನು ಆರಾಧಿಸುವದು ಇನ್ನು ಮೇಲೆ ಈ ಬೆಟ್ಟಕ್ಕೂ ಆ ಪಟ್ಟಣಕ್ಕೂ ಕಟ್ಟಿಹಾಕಲ್ಪಡುವದಿಲ್ಲ, ಆತ್ಮಸಂಬಂಧವಾಗಿಯೂ ಸತ್ಯಕ್ಕೆ ತಕ್ಕಂತೆಯೂ ಆರಾಧಿಸುವವರನ್ನೇ ತಂದೆಯು ಹುಡುಕುತ್ತಾನೆ ಎಂಬದು ಆತನ ಉತ್ತರದ ಭಾವ. ಆ ದಿನದಿಂದ ದೇವರ ಸನ್ನಿಧಿಗೆ ದೂರದ ಊರು, ಹತ್ತಿರದ ಊರು ಎಂಬ ಭೇದವಿಲ್ಲ.

ಇದಕ್ಕೆ ಸ್ಪಷ್ಟವಾದ ದೃಷ್ಟಾಂತವು ಐಥಿಯೋಪ್ಯ ದೇಶದ ಕಂಚುಕಿಯ ಚರಿತ್ರೆ. ಅವನು ಆರಾಧನೆಗಾಗಿ ಬಹು ದೂರದಿಂದ ಯೆರೂಸಲೇಮಿಗೆ ಹೋದನು. ಅಲ್ಲಿ ದೇವಾಲಯವನ್ನು ಕಂಡನು. ಕರ್ತನು ಸತ್ತು ಎದ್ದು ಇನ್ನೂ ಬಹು ಕಾಲವಾಗಿರಲಿಲ್ಲ. ಆತನು ನಡೆದ ಬೀದಿಗಳಲ್ಲಿಯೇ ಇವನೂ ನಡೆದಿರಬೇಕು. ಆದರೂ ಅವನು ಹಿಂದಿರುಗುವಾಗ ಅವನ ಹೃದಯದ ಪ್ರಶ್ನೆಯು ಹಾಗೆಯೇ ಉಳಿದಿತ್ತು. ಗಾಜಕ್ಕೆ ಹೋಗುವ ಅಡವಿಯ ದಾರಿಯಲ್ಲಿ, ರಥದಲ್ಲಿ ಕೂತು, ತಿಳಿಯದ ಯೆಶಾಯನ ಗ್ರಂಥವನ್ನು ಓದುತ್ತಿದ್ದಾಗ, ಫಿಲಿಪ್ಪನು ಹತ್ತಿ ಬಂದು ಆ ವಚನದಿಂದಲೇ ಆರಂಭಿಸಿ ಯೇಸುವನ್ನು ಸಾರಿದನು. ಪವಿತ್ರ ಪಟ್ಟಣದಲ್ಲಿ ದೊರೆಯದ್ದು ಹೆಸರಿಲ್ಲದ ನೀರಿನ ಬಳಿಯಲ್ಲಿ ದೊರೆಯಿತು. ಅವನು ಸಂತೋಷವುಳ್ಳವನಾಗಿ ತನ್ನ ದಾರಿ ಹಿಡಿದು ಹೋದನು. ಪ್ರಿಯರೇ, ಕಂಚುಕಿಯ ಯಾತ್ರೆಯು ವ್ಯರ್ಥವಾಯಿತೆಂದು ಸತ್ಯವೇದವು ಹೇಳುವದಿಲ್ಲ. ಆದರೆ ಅವನನ್ನು ಬದುಕಿಸಿದ್ದು ಸ್ಥಳವಲ್ಲ, ವಾಕ್ಯವೇ.

3. ಆದಿಸಭೆಯವರು ಮಾಡಿದ್ದು

ಅಪೊಸ್ತಲರು ಕರ್ತನ ಸಮಾಧಿಗೆ ಯಾತ್ರೆ ಏರ್ಪಡಿಸಿದರೆಂದು ಹೊಸ ಒಡಂಬಡಿಕೆಯಲ್ಲಿ ಎಲ್ಲಿಯೂ ಇಲ್ಲ. ಬರಿದಾದ ಸಮಾಧಿಯ ಬಳಿಯಲ್ಲಿ ದೇವದೂತರು ಸ್ತ್ರೀಯರಿಗೆ ತಿಳಿಸಿದ್ದು, ಜೀವಿಸುವಾತನನ್ನು ಸತ್ತವರಲ್ಲಿ ಹುಡುಕಬಾರದೆಂಬದೇ (ಲೂಕ 24:5–6). ಪೌಲನು ಕಡೇ ಸಾರಿ ಯೆರೂಸಲೇಮಿಗೆ ಹೋದದ್ದು ಅಲ್ಲಿಯ ಬಡ ವಿಶ್ವಾಸಿಗಳಿಗೋಸ್ಕರ ಮಕೆದೋನ್ಯದವರೂ ಅಖಾಯದವರೂ ಕೂಡಿಸಿದ ಸಹಾಯದ್ರವ್ಯವನ್ನು ಮುಟ್ಟಿಸುವದಕ್ಕಾಗಿ (ರೋಮಾಪುರದವರಿಗೆ 15:25–26).

ಕ್ರಿ.ಶ. 70ರಲ್ಲಿ ರೋಮಾಯರ ಸೇನಾಪತಿಯಾದ ತೀತನು ಪಟ್ಟಣವನ್ನೂ ದೇವಾಲಯವನ್ನೂ ನಾಶಮಾಡಿದನು. ಎರಡನೆಯ ಶತಮಾನದಲ್ಲಿ ಹಾದ್ರಿಯಾನ ಚಕ್ರವರ್ತಿಯು ಹಾಳಾದ ಸ್ಥಳದಲ್ಲಿ ರೋಮನ್ ಪಟ್ಟಣವನ್ನು ಕಟ್ಟಿಸಿ, ಅದಕ್ಕೆ ಏಲಿಯಾ ಕಪಿತೊಲಿನಾ ಎಂಬ ಬೇರೆ ಹೆಸರಿಟ್ಟನು. ಆದರೂ ಕ್ರೈಸ್ತರು ಆ ಊರನ್ನು ಮರೆಯಲಿಲ್ಲ. ಅದೇ ಶತಮಾನದಲ್ಲಿ ಸಾರ್ದಿಸ್ ಸಭೆಯ ಬಿಷಪನಾದ ಮೆಲಿತೋ ಎಂಬವನು, ಹಳೇ ಒಡಂಬಡಿಕೆಯ ಪುಸ್ತಕಗಳು ಯಾವವೆಂದು ನಿಶ್ಚಯವಾಗಿ ತಿಳುಕೊಳ್ಳುವದಕ್ಕಾಗಿ ಪೂರ್ವದೇಶಕ್ಕೆ ಪ್ರಯಾಣಮಾಡಿದನು. ನಮಗೆ ಗೊತ್ತಿರುವ ಮೊದಲನೆಯ ಯಾತ್ರಿಕರಲ್ಲಿ ಒಬ್ಬನಾದ ಇವನು ಹುಡುಕಿಕೊಂಡು ಹೋದದ್ದು ವಾಕ್ಯವನ್ನೇ.

ಕಾನ್‌ಸ್ಟಂಟೈನ್ ಚಕ್ರವರ್ತಿಯ ಕಾಲದಲ್ಲಿ ಹಿಂಸೆಯು ನಿಂತಿತು. ಆತನ ಅಪ್ಪಣೆಯಿಂದ, ಗೊಲ್ಗೊಥಾ ಎಂದು ಎಣಿಸಲ್ಪಟ್ಟ ಸ್ಥಳದ ಮೇಲಿದ್ದ ಅನ್ಯದೇವತೆಯ ಗುಡಿಯನ್ನು ಕೆಡವಿ, ಅದರಡಿಯಲ್ಲಿ ದೊರೆತ ಸಮಾಧಿಯ ಸುತ್ತಲೂ ಕಟ್ಟಿದ ಮಂದಿರವು 335ರಲ್ಲಿ ಪ್ರತಿಷ್ಠಿತವಾಯಿತು. 333ರಲ್ಲಿಯೇ ಫ್ರಾನ್ಸ್ ದೇಶದ ಬೋರ್ಡೋ ಪಟ್ಟಣದಿಂದ ಒಬ್ಬ ಯಾತ್ರಿಕನು ಬಂದು, ತಾನು ಕಂಡ ಸ್ಥಳಗಳನ್ನು ಬರೆದಿಟ್ಟನು. ಆತನ ಹೆಸರು ನಮಗೆ ಉಳಿದಿಲ್ಲ, ಬರಹವು ಉಳಿದಿದೆ.

ಇವರೆಲ್ಲರಿಗಿಂತ ನಮಗೆ ಹೆಚ್ಚಾಗಿ ಕಲಿಸುವವಳು ಎಗೇರಿಯಾ ಎಂಬ ಸ್ತ್ರೀ. ಆಕೆಯು 381ರಿಂದ 384ರ ವರೆಗೆ ಆ ದೇಶಗಳಲ್ಲಿ ಸಂಚರಿಸಿ, ಪಶ್ಚಿಮ ಯೂರೋಪಿನಲ್ಲಿದ್ದ ತನ್ನ ಸಹೋದರಿಯರಿಗೆ ಉದ್ದವಾದ ಪತ್ರ ಬರೆದಳು. ಆ ಪತ್ರದ ಪ್ರತಿಯು 1884ರಲ್ಲಿ ಇಟಲಿ ದೇಶದ ಅರೆಸ್ಸೋ ಪಟ್ಟಣದಲ್ಲಿ ಸಿಕ್ಕಿತು. ಆಕೆಯ ಪದ್ಧತಿಯನ್ನು ಗಮನಿಸಿರಿ: ಯಾವ ಸ್ಥಳಕ್ಕೆ ಬಂದರೂ ಪ್ರಾರ್ಥನೆಮಾಡಿ, ಆ ಸ್ಥಳಕ್ಕೆ ಸಂಬಂಧಪಟ್ಟ ಸತ್ಯವೇದಭಾಗವನ್ನು ಅಲ್ಲಿಯೇ ಓದಿಸುತ್ತಿದ್ದಳು. ಯೆರೂಸಲೇಮಿನಲ್ಲಿ ದೀಕ್ಷಾಸ್ನಾನಕ್ಕೆ ಸಿದ್ಧರಾಗುವವರಿಗೆ ಬಿಷಪರು ತಾವೇ ದಿನಕ್ಕೆ ಮೂರು ತಾಸು ಆದಿಕಾಂಡದಿಂದ ಆರಂಭಿಸಿ ವಾಕ್ಯವನ್ನು ವಿವರಿಸುತ್ತಿದ್ದರೆಂದೂ, ಬಿಷಪರು ಗ್ರೀಕಿನಲ್ಲಿ ಹೇಳಿದ್ದನ್ನು ಆ ಭಾಷೆ ತಿಳಿಯದವರಿಗೋಸ್ಕರ ಸುರಿಯಾ ಭಾಷೆಯಲ್ಲಿ ತಿಳಿಸುತ್ತಿದ್ದರೆಂದೂ ಆಕೆಯು ಬರೆಯುತ್ತಾಳೆ. ಹಳ್ಳಿಯ ಜಗಲಿಯಲ್ಲಿ ಕೂತು ಜ್ಞಾನಸ್ನಾನದ ಪಾಠ ಕಲಿಸುವ ನಮ್ಮಂಥ ಉಪದೇಶಿಗಳಿಗೆ ಇದು ಎಷ್ಟು ಧೈರ್ಯ ಕೊಡುವ ಸಂಗತಿ!

ಅದೇ ಎಗೇರಿಯಾ ಮತ್ತೊಂದು ಸಂಗತಿಯನ್ನೂ ಮುಚ್ಚಿಡದೆ ಬರೆದಿದ್ದಾಳೆ. ಶುಭಶುಕ್ರವಾರದಲ್ಲಿ, ಕರ್ತನ ಶಿಲುಬೆಯ ಮರವೆಂದು ಇಡಲ್ಪಟ್ಟಿದ್ದ ತುಂಡನ್ನು ಜನರು ಒಬ್ಬೊಬ್ಬರಾಗಿ ಬಂದು ಮುದ್ದಿಡುತ್ತಿದ್ದರಂತೆ. ಹಿಂದೊಮ್ಮೆ ಯಾರೋ ಮುದ್ದಿಡುವವನ ಹಾಗೆ ಬಗ್ಗಿ, ಹಲ್ಲಿನಿಂದ ಒಂದು ಚೂರನ್ನು ಕಚ್ಚಿಕೊಂಡು ಹೋದನೆಂದು ಹೇಳುತ್ತಿದ್ದ ಕಾರಣ, ಸಭಾಸೇವಕರು ಸುತ್ತಲೂ ನಿಂತು ಕಾಯುತ್ತಿದ್ದರಂತೆ. ವಾಕ್ಯಕ್ಕಾಗಿ ಹಸಿದು ಬರುವದೂ ಮರದ ಚೂರಿಗಾಗಿ ಹಸಿದು ಬರುವದೂ, ಎರಡೂ ಒಂದೇ ಪಟ್ಟಣದಲ್ಲಿ ಒಂದೇ ದಿನದಲ್ಲಿ ನಡೆದವು. ಯಾತ್ರಿಕನ ಹೃದಯದಲ್ಲಿ ಇಂದಿಗೂ ಇವೆರಡೂ ಹತ್ತಿರ ಹತ್ತಿರವೇ ಇರುತ್ತವೆ.

4. ಸ್ಥಳಗಳು ಕೊಡುವ ಸಾಕ್ಷಿ

ಹಾಗಾದರೆ ಈಗ ಹೋಗುವವರಿಗೆ ಅಲ್ಲಿ ತೋರಿಸಲ್ಪಡುವ ಸ್ಥಳಗಳು ನಿಜವಾದವುಗಳೋ? ಕೆಲವು ಬಹಳ ನಿಶ್ಚಯ, ಕೆಲವು ಸಂಭವ, ಕೆಲವು ಮಾತ್ರ ಭಕ್ತಿಯಿಂದ ಹುಟ್ಟಿದ ರೂಢಿ. ಇವುಗಳನ್ನು ಬೇರೆ ಬೇರೆಯಾಗಿ ತಿಳಿಯಬೇಕು.

ಬೇತೆಸ್ದ ಕೊಳ. ಐದು ಮಂಟಪಗಳುಳ್ಳ ಕೊಳವೆಂದು ಯೋಹಾನನು ಬರೆದದ್ದನ್ನು (5:2) ಕೆಲವು ಪಂಡಿತರು ನಂಬದೆ ಹೋದರು. ಆದರೆ 19ನೆಯ ಶತಮಾನದಿಂದ ಸಂತ ಅನ್ನಳ ಮಂದಿರದ ಬಳಿಯಲ್ಲಿ ನಡೆದ ಅಗೆತದಲ್ಲಿ, ನಡುವೆ ಒಡ್ಡು ಇರುವ ಎರಡು ದೊಡ್ಡ ಕೊಳಗಳು ಕಾಣಬಂದವು. ನಾಲ್ಕು ಕಡೆಗೆ ನಾಲ್ಕು, ನಡುವಣ ಒಡ್ಡಿನ ಮೇಲೆ ಒಂದು, ಹೀಗೆ ಐದು ಮಂಟಪಗಳಿಗೆ ಸ್ಥಳವು ಸರಿಹೋಗುತ್ತದೆ.

ಸಿಲೋವ ಕೊಳ. ಹುಟ್ಟುಕುರುಡನು ಕಣ್ಣು ತೊಳೆದ ಈ ಕೊಳವೆಂದು (ಯೋಹಾನ 9:7) ಬಹು ಕಾಲದ ವರೆಗೆ ಬೇರೊಂದು ಚಿಕ್ಕ ಕೊಳವನ್ನು ತೋರಿಸುತ್ತಿದ್ದರು. 2004ರಲ್ಲಿ ಚರಂಡಿಯ ಕೊಳವೆಯನ್ನು ದುರಸ್ತುಮಾಡುವಾಗ ಅದರ ಕೆಳಗಣ ತಗ್ಗಿನಲ್ಲಿ ಅಗಲವಾದ ಕಲ್ಲುಮೆಟ್ಟಲುಗಳು ಸಿಕ್ಕಿದವು. ಅಲ್ಲಿ ದೊರೆತ ನಾಣ್ಯಗಳಿಂದ ಆ ಕೊಳವು ಕರ್ತನ ಕಾಲದಲ್ಲಿ ಉಪಯೋಗದಲ್ಲಿತ್ತೆಂದು ತಿಳಿದುಬಂತು. ಅರಸನಾದ ಹಿಜ್ಕೀಯನು ಬಂಡೆಯನ್ನು ಕೊರೆಯಿಸಿ ನೀರು ತಂದ ಸುರಂಗದಲ್ಲಿ (2 ಅರಸುಗಳು 20:20) ಇಂದಿಗೂ ನೀರು ಹರಿಯುತ್ತದೆ. ಎರಡು ಕಡೆಗಳಿಂದ ಕೊರೆಯುತ್ತಾ ಬಂದ ಕೆಲಸಗಾರರು ನಡುವೆ ಸಂಧಿಸಿದರೆಂದು ತಿಳಿಸುವ ಶಾಸನವು 1880ರಲ್ಲಿ ಅದರ ಗೋಡೆಯ ಮೇಲೆ ಕಾಣಬಂತು.

ಗೆತ್ಸೇಮನೆ. ಈ ಹೆಸರಿಗೆ ಎಣ್ಣೆಯ ಗಾಣವೆಂದು ಅರ್ಥ. ಕಿದ್ರೋನ್ ಹಳ್ಳದ ಆಚೆಯ ಇಳಿಜಾರಿನಲ್ಲಿ ಎಂಟು ಹಳೇ ಎಣ್ಣೇಮರಗಳು ನಿಂತಿವೆ. ಕರ್ತನು ಇವೇ ಮರಗಳ ಕೆಳಗೆ ಪ್ರಾರ್ಥಿಸಿದನೆಂದು ಕೆಲವರು ಹೇಳುವದುಂಟು. ಆದರೆ 2012ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಮೂರು ಮರಗಳ ಕಾಂಡಗಳು ಸುಮಾರು 12ನೆಯ ಶತಮಾನದವುಗಳೆಂದು ಕಂಡುಬಂತು. ರೋಮಾಯರು 70ರಲ್ಲಿ ಮುತ್ತಿಗೆ ಹಾಕಿದಾಗ ಪಟ್ಟಣದ ಸುತ್ತಲಿನ ಮರಗಳನ್ನೆಲ್ಲಾ ಕಡಿದರೆಂದು ಯೋಸೇಫನೆಂಬ ಯೆಹೂದ್ಯ ಚರಿತ್ರಕಾರನೂ ಬರೆದಿದ್ದಾನೆ. ಮರಗಳು ಅವೇ ಅಲ್ಲದಿದ್ದರೂ ಗುಡ್ಡವು ಅದೇ, ಹಳ್ಳವು ಅದೇ.

ಶಿಲುಬೆಯ ದಾರಿ. ಹದಿನಾಲ್ಕು ನಿಲ್ದಾಣಗಳುಳ್ಳ ಈ ಬೀದಿಯನ್ನು ಯಾತ್ರಿಕರು ಹಾಡುತ್ತಾ ನಡೆಯುತ್ತಾರೆ. ಆದರೆ ಈಗಿರುವ ದಾರಿಯು ಬಹು ಶತಮಾನಗಳ ತರುವಾಯ ರೂಢಿಗೆ ಬಂದದ್ದು. ಪಿಲಾತನು ಕರ್ತನನ್ನು ಜನರಿಗೆ ತೋರಿಸಿದ್ದು ಇಲ್ಲಿಯೇ ಎಂದು ಹೇಳಲ್ಪಡುವ ಕಮಾನು ಎರಡನೆಯ ಶತಮಾನದಲ್ಲಿ ಕಟ್ಟಿದ್ದು. ಪಿಲಾತನ ನ್ಯಾಯಸ್ಥಾನವು ಪಟ್ಟಣದ ಪಶ್ಚಿಮಭಾಗದಲ್ಲಿದ್ದ ಹೆರೋದನ ಅರಮನೆಯಲ್ಲಿತ್ತೆಂದು ಈಗ ಅನೇಕ ಪಂಡಿತರು ಎಣಿಸುತ್ತಾರೆ.

ಕಲ್ವಾರಿಯೂ ಸಮಾಧಿಯೂ. ಪರಿಶುದ್ಧ ಸಮಾಧಿಯ ಮಂದಿರವು ಈಗಿನ ಕೋಟೆಯ ಒಳಗಿದೆ; ಕರ್ತನಾದರೋ ಪಟ್ಟಣದ ಹೊರಗೆ ಶಿಲುಬೆಗೆ ಹಾಕಲ್ಪಟ್ಟನು. ಇದು ಹೇಗೆ? ಕರ್ತನು ಸತ್ತ ಹತ್ತು ಹದಿನೈದು ವರುಷಗಳ ಮೇಲೆ ಅರಸನಾದ ಒಂದನೆಯ ಅಗ್ರಿಪ್ಪನು ಹೊಸ ಗೋಡೆ ಕಟ್ಟಿಸಿದ್ದರಿಂದ ಆ ಸ್ಥಳವು ಒಳಗೆ ಸೇರಿತು. ಅದಕ್ಕಿಂತ ಮುಂಚೆ ಅದು ಹೊರಗೇ ಇತ್ತು. ಮಂದಿರದ ಒಳಗೇ ಬಂಡೆಯಲ್ಲಿ ತೋಡಿದ ಯೆಹೂದ್ಯರ ಬೇರೆ ಸಮಾಧಿಗಳೂ ಇರುವದರಿಂದ ಅದು ಹೂಣುವ ಸ್ಥಳವಾಗಿತ್ತೆಂಬದೂ ನಿಶ್ಚಯ. 2016ರಲ್ಲಿ ಸಮಾಧಿಯ ಮೇಲಣ ಅಮೃತಶಿಲೆಯ ಚಪ್ಪಡಿಯನ್ನು ಎತ್ತಿ ನೋಡಿದಾಗ ಅದರಡಿಯಲ್ಲಿ ಇನ್ನೂ ಹಳೇ ಚಪ್ಪಡಿಯೂ ಅದರಡಿಯಲ್ಲಿ ಸುಣ್ಣಕಲ್ಲಿನ ಹಾಸೂ ಕಾಣಬಂದವು. ಅಲ್ಲಿಯ ಗಾರೆಯು ಕಾನ್‌ಸ್ಟಂಟೈನನ ಕಾಲದ ಕಟ್ಟೋಣಕ್ಕೆ ಸೇರಿದ್ದೆಂದು ಪರೀಕ್ಷೆಯಿಂದ ತಿಳಿಯಿತು. ಮಂದಿರದ ನೆಲದಡಿಯ ಅಗೆತದಲ್ಲಿ ಎಣ್ಣೇಮರ, ದ್ರಾಕ್ಷೇಬಳ್ಳಿಗಳ ಕುರುಹುಗಳು ದೊರೆತವೆಂದು 2025ರಲ್ಲಿ ವರದಿಯಾಯಿತು. ಆ ಸ್ಥಳದಲ್ಲಿ ತೋಟವಿತ್ತೆಂದು ಯೋಹಾನನು ಬರೆದಿದ್ದಾನಷ್ಟೆ (19:41).

ಕೋಟೆಯ ಹೊರಗೆ, ಉತ್ತರದಲ್ಲಿ, "ತೋಟದ ಸಮಾಧಿ" ಎಂಬ ಶಾಂತವಾದ ಸ್ಥಳವೂ ಉಂಟು. ಇಂಗ್ಲಿಷ್ ಸೇನಾಪತಿಯಾದ ಗಾರ್ಡನ್ ಎಂಬವರು 1883ರಲ್ಲಿ ಅದರ ಬಳಿಯ ಗುಡ್ಡವೇ ಕಲ್ವಾರಿ ಎಂದು ಸಾಧಿಸಿದ ಮೇಲೆ ಪ್ರೊಟೆಸ್ಟಂಟರು ಅನೇಕರು ಅದನ್ನು ಪ್ರೀತಿಸುತ್ತಾ ಬಂದಿದ್ದಾರೆ. ಆದರೆ ಅಲ್ಲಿಯ ಸಮಾಧಿಯು ಅರಸುಗಳ ಕಾಲದ್ದು, ಕರ್ತನಿಗಿಂತ ಆರೇಳು ನೂರು ವರುಷ ಹಿಂದಿನದು ಎಂಬದು ಶೋಧಕರ ಅಭಿಪ್ರಾಯ. ಯೋಸೇಫನ ಸಮಾಧಿಯಾದರೋ ಹೊಸದಾಗಿತ್ತು. ನಮ್ಮ ಮನಸ್ಸಿಗೆ ಇಂಪಾದದ್ದು ಆ ಕಾರಣದಿಂದಲೇ ಸತ್ಯವಾಗುವದಿಲ್ಲ. ಇತರರ ರೂಢಿಗಳನ್ನು ಶೋಧಿಸುವ ನಾವು ನಮ್ಮ ರೂಢಿಯನ್ನೂ ಅದೇ ತಕ್ಕಡಿಯಲ್ಲಿ ತೂಗಬೇಕು.

ಈ ಎಲ್ಲಾದರಿಂದ ಏನು ತಿಳಿಯುತ್ತದೆ? ನಮ್ಮ ವಿಶ್ವಾಸವು ಕಟ್ಟುಕಥೆಯ ಮೇಲೆ ನಿಂತದ್ದಲ್ಲ. ಎತ್ತರ ತಗ್ಗುಗಳುಳ್ಳ ನಿಜವಾದ ಊರಿನಲ್ಲಿ, ನಿಜವಾದ ಕಲ್ಲುಮೆಟ್ಟಲುಗಳ ಮೇಲೆ ದೇವರ ಮಗನು ನಡೆದನು. ಇದನ್ನು ಕಣ್ಣಾರೆ ಕಾಣುವದು ದೊಡ್ಡ ಭಾಗ್ಯವೇ. ಸತ್ಯವೇದವನ್ನು ಲ್ಯಾಟಿನ್ ಭಾಷೆಗೆ ತಿರುಗಿಸಿದ ಜೆರೋಮನೂ, ಯೂದಾಯ ದೇಶವನ್ನು ಕಂಡವನು ಸತ್ಯವೇದವನ್ನು ಹೆಚ್ಚು ಸ್ಪಷ್ಟವಾಗಿ ತಿಳಿಯುವನೆಂದು ಬರೆದನು. ಆದದರಿಂದ "ಅದರಲ್ಲಿ ಏನೂ ಇಲ್ಲ" ಎಂದದ್ದು ನನ್ನ ತಪ್ಪು.

5. ಹಿರಿಯರ ಎಚ್ಚರಿಕೆ

ಆದರೆ ಅದೇ ಜೆರೋಮನು, 386ರಿಂದ 420ರಲ್ಲಿ ಸಾಯುವ ವರೆಗೆ ಬೇತ್ಲೆಹೇಮಿನಲ್ಲಿಯೇ ವಾಸಿಸಿದವನು, ಪೌಲಿನನೆಂಬ ಸ್ನೇಹಿತನಿಗೆ ಬರೆಯುವಾಗ, ಯೆರೂಸಲೇಮಿನಿಂದ ಹೇಗೋ ಹಾಗೆಯೇ ದೂರದ ಬ್ರಿಟನ್ನಿನಿಂದಲೂ ಪರಲೋಕದ ಬಾಗಲು ತೆರೆದಿದೆ ಎಂದೂ, ಯೆರೂಸಲೇಮಿನಲ್ಲಿ ಇದ್ದದ್ದಲ್ಲ, ಅಲ್ಲಿ ಚೆನ್ನಾಗಿ ಬಾಳಿದ್ದೇ ಹೊಗಳಿಕೆಗೆ ಯೋಗ್ಯವೆಂದೂ ತಿಳಿಸಿದನು. ಅದೇ ಕಾಲದಲ್ಲಿ ನಿಸ್ಸಾ ಊರಿನ ಬಿಷಪನಾದ ಗ್ರೆಗೋರಿಯು ಸಭಾಕಾರ್ಯಕ್ಕಾಗಿ ಯೆರೂಸಲೇಮಿಗೆ ಹೋಗಿಬಂದು ಬರೆದ ಪತ್ರವು ಇನ್ನೂ ಖಂಡಿತವಾದದ್ದು. ಕರ್ತನು ನೀತಿವಂತರನ್ನು ತನ್ನ ರಾಜ್ಯಕ್ಕೆ ಕರೆಯುವಾಗ ಎಣಿಸುವ ಸತ್ಕ್ರಿಯೆಗಳಲ್ಲಿ ಯೆರೂಸಲೇಮಿನ ಯಾತ್ರೆಯನ್ನು ಸೇರಿಸಲಿಲ್ಲವೆಂದೂ, ಆ ಸ್ಥಳಗಳನ್ನು ಕಂಡದ್ದರಿಂದ ತನ್ನ ವಿಶ್ವಾಸವು ಹೆಚ್ಚಲೂ ಇಲ್ಲ ಕಡಿಮೆಯಾಗಲೂ ಇಲ್ಲವೆಂದೂ, ಆ ಊರಿನಲ್ಲಿಯೂ ಎಲ್ಲಾ ತರದ ಪಾಪವಿತ್ತೆಂದೂ ಆತನು ಬರೆದನು. ಮತ್ತಾಯ 25ನೆಯ ಅಧ್ಯಾಯವನ್ನು ತೆರೆದು ನೋಡಿರಿ: ಹಸಿದವರು, ಬಾಯಾರಿದವರು, ಪರದೇಶಿಗಳು, ಬಟ್ಟೆಯಿಲ್ಲದವರು, ರೋಗಿಗಳು, ಸೆರೆಯಲ್ಲಿರುವವರು ಅಲ್ಲಿದ್ದಾರೆ, ಯಾತ್ರೆಯ ಮಾತು ಅಲ್ಲಿಲ್ಲ.

ಈ ಎಚ್ಚರಿಕೆಯನ್ನು ಸಭೆಯು ಮರೆತಾಗ ಏನಾಯಿತೆಂಬದನ್ನು ಚರಿತ್ರೆಯು ಹೇಳುತ್ತದೆ. 1009ರಲ್ಲಿ ಹಾಕಿಮ್ ಎಂಬ ಖಲೀಫನು ಸಮಾಧಿಯ ಮಂದಿರವನ್ನು ಕೆಡವಿಸಿದನು. ಅದು ಆ ಶತಮಾನದ ನಡುವೆ ತಿರಿಗಿ ಕಟ್ಟಲ್ಪಟ್ಟಿತು. 1099ರ ಜುಲೈ ತಿಂಗಳಲ್ಲಿ ಯೂರೋಪಿನ ಕ್ರೂಸೇಡ್ ದಂಡಾಳುಗಳು ಶಿಲುಬೆಯ ಗುರುತನ್ನು ಧರಿಸಿಕೊಂಡು ಪಟ್ಟಣವನ್ನು ಹಿಡಿದು, ಮುಸಲ್ಮಾನರನ್ನೂ ಯೆಹೂದ್ಯರನ್ನೂ ಬೀದಿಬೀದಿಗಳಲ್ಲಿ ಕೊಂದು, ತರುವಾಯ ಕರ್ತನ ಸಮಾಧಿಯ ಮುಂದೆ ಪ್ರಾರ್ಥನೆಗೆ ನಿಂತರು. ಕರ್ತನು ಯಾವ ಪಟ್ಟಣವನ್ನು ನೋಡಿ ಅತ್ತನೋ (ಲೂಕ 19:41) ಆ ಪಟ್ಟಣದಲ್ಲಿ ಆತನ ಹೆಸರಿನಿಂದಲೇ ಇದು ನಡೆಯಿತೆಂಬದನ್ನು ನಾವು ನಾಚಿಕೆಯಿಂದ ಒಪ್ಪಿಕೊಳ್ಳಬೇಕು.

ಇಂದಿಗೂ ಆ ಮಂದಿರವನ್ನು ಗ್ರೀಕರು, ರೋಮನ್ ಕಥೋಲಿಕರು, ಅರ್ಮೇನಿಯದವರು, ಕೊಪ್ತರು, ಸುರಿಯಾನಿಗಳು, ಐಥಿಯೋಪ್ಯದವರು ಎಂಬ ಆರು ಸಭೆಗಳು ಹಂಚಿಕೊಂಡಿವೆ. ಅವರ ವ್ಯಾಜ್ಯಗಳು ಎಷ್ಟು ಬಲವಾಗಿದ್ದವೆಂದರೆ, 1852ರಲ್ಲಿ ತುರ್ಕರ ಸುಲ್ತಾನನು, ಯಾರ ಹಕ್ಕು ಹೇಗಿದೆಯೋ ಹಾಗೆಯೇ ಇರಬೇಕೆಂದು ಅಪ್ಪಣೆಮಾಡಬೇಕಾಯಿತು. ಬಾಗಲಿನ ಬೀಗದ ಕೈಯನ್ನು ಕಾಯುವದೂ ಬಾಗಲನ್ನು ತೆರೆಯುವದೂ ಎರಡು ಮುಸಲ್ಮಾನ ಮನೆತನಗಳ ಕೆಲಸವಾಗಿದೆ. ಬಾಗಲಿನ ಮೇಲಣ ಕಿಟಕಿಯ ಬಳಿಯಲ್ಲಿ ಒಂದು ಚಿಕ್ಕ ಮರದ ಏಣಿ ಇದೆ. 18ನೆಯ ಶತಮಾನದ ಚಿತ್ರದಲ್ಲಿಯೂ ಅಂಥದೇ ಏಣಿ ಅಲ್ಲಿ ಕಾಣುತ್ತದೆ. ಅದನ್ನು ತೆಗೆಯುವ ಹಕ್ಕು ಯಾರದೆಂದು ಒಮ್ಮತವಿಲ್ಲದ್ದರಿಂದ ಅದು ಅಲ್ಲಿಯೇ ನಿಂತಿದೆ. ಇದನ್ನು ಓದಿ ನಗಬೇಡಿರಿ. ದೇವಮಂದಿರದ ಬೆಂಚಿಗೋಸ್ಕರವೂ ಸ್ಮಶಾನದ ಬೇಲಿಗೋಸ್ಕರವೂ ಜಗಳವಾಡುವ ನಮ್ಮ ಸಭೆಗಳಲ್ಲಿ ಇಂಥ ಏಣಿಗಳು ಇಲ್ಲವೋ?

ಮಾರ್ಟಿನ್ ಲೂಥರನು 1520ರಲ್ಲಿ ಬರೆದ ಪುಸ್ತಕದಲ್ಲಿ, ಹೆಂಡತಿಮಕ್ಕಳನ್ನು ಮನೆಯಲ್ಲಿ ಕಷ್ಟಕ್ಕೆ ಬಿಟ್ಟು, ದೇವರು ಆಜ್ಞಾಪಿಸದ ರೋಮಾ ಯಾತ್ರೆಗೆ ಹಣ ವೆಚ್ಚಮಾಡುವವರನ್ನು ಗದರಿಸಿದನು. ಹೆಂಡತಿಮಕ್ಕಳನ್ನೂ ನೆರೆಯವರನ್ನೂ ನೋಡಿಕೊಳ್ಳುವದಾದರೋ ದೇವರ ಆಜ್ಞೆಯೇ ಎಂಬದು ಆತನ ವಾದ.

6. ಬಾಸೆಲಿನಿಂದ ಹೋದವರು

ಕನ್ನಡನಾಡಿನ ಸಭೆಗಳಲ್ಲಿ ಅನೇಕವು ಬಾಸೆಲ್ ಮಿಶನಿನ ಸೇವೆಯಿಂದ ಹುಟ್ಟಿದವು; ಅದರ ಮೊದಲನೆಯ ಮಿಶನೆರಿಗಳು 1834ರಲ್ಲಿ ಮಂಗಳೂರಿಗೆ ಬಂದರು. ಅದೇ ಬಾಸೆಲಿನಿಂದ ಯೆರೂಸಲೇಮಿಗೂ ಜನರು ಹೋದರು. ಅವರು ಯಾತ್ರಿಕರಾಗಿ ಹೋಗದೆ ಸೇವಕರಾಗಿ ಹೋದರು. ಬಾಸೆಲ್ ಮಿಶನಿನ ಶಾಲೆಯಲ್ಲಿ ಕಲಿತ ಸಾಮುವೇಲ್ ಗೋಬಾ ಎಂಬವರು 1846ರಿಂದ 1879ರ ವರೆಗೆ ಯೆರೂಸಲೇಮಿನ ಪ್ರೊಟೆಸ್ಟಂಟ್ ಬಿಷಪರಾಗಿದ್ದು ಶಾಲೆಗಳನ್ನು ಸ್ಥಾಪಿಸಿದರು. 1815ರಲ್ಲಿ ಬಾಸೆಲ್ ಮಿಶನನ್ನು ಸ್ಥಾಪಿಸಿದವರಲ್ಲಿ ಒಬ್ಬರಾದ ಸ್ಪಿಟ್ಲರ್ ಎಂಬವರು ಕಳುಹಿಸಿದ ಯೋಹಾನ್ ಲುಡ್ವಿಗ್ ಶ್ನೆಲ್ಲರ್, ಸುರಿಯಾ ದೇಶದಲ್ಲಿ ಕ್ರೈಸ್ತರು ಕೊಲ್ಲಲ್ಪಟ್ಟ 1860ನೆಯ ವರುಷದಲ್ಲಿ, ದಿಕ್ಕಿಲ್ಲದ ಹುಡುಗರನ್ನು ಯೆರೂಸಲೇಮಿನ ತಮ್ಮ ಮನೆಯಲ್ಲಿ ಸೇರಿಸಿಕೊಂಡು ಅನಾಥಾಲಯವನ್ನು ಆರಂಭಿಸಿದರು. ಎರಡನೆಯ ಮಹಾಯುದ್ಧದ ಕಾಲದ ವರೆಗೆ ನಡೆದ ಆ ಆಲಯದಲ್ಲಿ ಹುಡುಗರಿಗೆ ಓದುಬರಹದ ಸಂಗಡ ಬಡಗಿಯ ಕೆಲಸ, ಅಚ್ಚಿನ ಕೆಲಸ, ಇಟ್ಟಿಗೆ ಹೆಂಚುಗಳ ಕೆಲಸ ಕಲಿಸಲ್ಪಟ್ಟವು. 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದವರ ನೆನಪು ಇಲ್ಲಿ ನಮಗೆ ಬರುತ್ತದಲ್ಲವೇ? ಪವಿತ್ರ ಪಟ್ಟಣಕ್ಕೆ ಪೌಲನು ಹೋದ ರೀತಿಯಲ್ಲಿಯೇ ಇವರೂ ಹೋದರು: ಕೈಯಲ್ಲಿ ಸಹಾಯವನ್ನು ಹಿಡುಕೊಂಡು.

7. ನಮ್ಮ ಉತ್ತರ

ಹೀಗಿರಲಾಗಿ ಮೂರು ಮಾತುಗಳನ್ನು ಹೇಳಬಹುದು.

ಮೊದಲನೆಯದು: ಯೆರೂಸಲೇಮಿಗೆ ಹೋಗುವದು ರಕ್ಷಣೆಗೆ ಅವಶ್ಯವಲ್ಲ, ಅದರಿಂದ ಪುಣ್ಯವೂ ದೊರೆಯುವದಿಲ್ಲ. ವಿಶ್ವಾಸಿಯು ಈಗಲೇ ಪರಲೋಕದ ಯೆರೂಸಲೇಮಿಗೆ ಬಂದು ಸೇರಿದ್ದಾನೆಂದು ಅಪೊಸ್ತಲಿಕ ಪತ್ರಿಕೆಯು ಹೇಳುತ್ತದೆ (ಇಬ್ರಿಯರಿಗೆ 12:22). ಹೋಗದೆ ಸತ್ತವನಿಗೆ ಯಾವ ಕೊರತೆಯೂ ಇಲ್ಲ.

ಎರಡನೆಯದು: ದೇವರು ಅನುಕೂಲ ಕೊಟ್ಟವನು ಹೋಗಬಹುದು, ಸಂತೋಷದಿಂದಲೇ ಹೋಗಲಿ. ಆದರೆ ಸಾಲಮಾಡಿ ಹೋಗಬಾರದು. ಮನೆಯಲ್ಲಿರುವ ವಿಧವೆಯ ಅನ್ನವನ್ನು ಅಡವಿಟ್ಟು ಹೋಗಬಾರದು. ಹೋಗುವವನು ಎಗೇರಿಯಾಳ ಹಾಗೆ ಸತ್ಯವೇದವನ್ನು ತೆರೆದು ಹೋಗಲಿ. ಕಲ್ಲುಗಳನ್ನು ಮಾತ್ರ ನೋಡಿ ಬರದೆ, ಅಲ್ಲಿ ಜೀವಿಸುವ ಸಭೆಯನ್ನೂ ನೋಡಿ ಬರಲಿ. ಬೇತ್ಲೆಹೇಮಿನ ಕ್ರೈಸ್ತರಲ್ಲಿ ಅನೇಕ ಮನೆತನಗಳು ಎಣ್ಣೇಮರದಲ್ಲಿ ಕೆತ್ತನೆಕೆಲಸ ಮಾಡಿ ಯಾತ್ರಿಕರಿಗೆ ಮಾರಿ ಜೀವನಮಾಡುತ್ತವೆ. 2023ರ ಅಕ್ಟೋಬರ್ ತಿಂಗಳಲ್ಲಿ ಯುದ್ಧವು ಆರಂಭವಾದ ಮೇಲೆ ಯಾತ್ರಿಕರು ಬಾರದೆ ಅವರು ಬಹಳ ಕಷ್ಟಪಟ್ಟರು. ಅವರಿಗಾಗಿಯೂ, ಆ ದೇಶದಲ್ಲಿ ಕಣ್ಣೀರಿಡುವ ಎಲ್ಲಾ ಜನರಿಗಾಗಿಯೂ ಪ್ರಾರ್ಥಿಸುವದು ನಮ್ಮ ಹಂಗು. ಯೆರೂಸಲೇಮಿನ ಸಮಾಧಾನಕ್ಕಾಗಿ ಬೇಡಿಕೊಳ್ಳಬೇಕೆಂದು ಕೀರ್ತನೆಯೇ ನಮಗೆ ಬುದ್ಧಿಹೇಳುತ್ತದೆ (122:6).

ಮೂರನೆಯದು: ಹೋಗಲಾರದವನು ತನ್ನ ಊರಿನಲ್ಲಿಯೇ ಆ ದಾರಿಯನ್ನು ನಡೆಯಬಹುದು. ಕರ್ತನು ಪಟ್ಟಣದ ಬಾಗಲಿನ ಹೊರಗೆ ಬಾಧೆಪಟ್ಟನೆಂದೂ, ನಾವು ಪಾಳೆಯದ ಹೊರಗೆ ಆತನ ಬಳಿಗೆ ಹೋಗಬೇಕೆಂದೂ, ಉಪಕಾರಮಾಡುವದೂ ಹಂಚಿಕೊಡುವದೂ ದೇವರು ಮೆಚ್ಚುವ ಯಜ್ಞಗಳೆಂದೂ ಇಬ್ರಿಯರ ಪತ್ರಿಕೆಯು ಒಂದೇ ಉಸುರಿನಲ್ಲಿ ಹೇಳುತ್ತದೆ (13:12–16). ನಮ್ಮ ಊರಿನ ಹೊರಗೆ ಯಾರಿದ್ದಾರೆ? ಅವರ ಬಳಿಗೆ ಹೋಗುವ ದಾರಿಗೆ ರಹದಾರಿ ಬೇಡ, ವಿಮಾನವೂ ಬೇಡ.

ಈ ಸಂಗತಿಗಳನ್ನೆಲ್ಲಾ ನಾನು ಆ ಹಿರಿಯರ ಮನೆಗೆ ಹೋಗಿ, ಮೊದಲು ನನ್ನ ಅವಸರದ ಮಾತಿಗಾಗಿ ಕ್ಷಮೆ ಕೇಳಿ, ಎರಡು ಸಾಯಂಕಾಲ ಕೂತು ಹೇಳಿದೆನು. ಅವರು ಬಹಳ ಹೊತ್ತು ಸುಮ್ಮನಿದ್ದು, "ಹಾಗಾದರೆ ಆ ಹೆಂಗಸು ಓದಿಸಿಕೊಂಡ ಹಾಗೆ ನನಗೂ ಓದಿ ತೋರಿಸಿರಿ, ನನಗೆ ಅಕ್ಷರ ಬಾರದು" ಎಂದರು. ಆದದರಿಂದ ಶ್ರಮೆಯ ವಾರದಲ್ಲಿ, ಶಾಲೆಯ ಕಪ್ಪುಹಲಗೆಯ ಮೇಲೆ ಸುಣ್ಣದ ಕಡ್ಡಿಯಿಂದ ಪಟ್ಟಣದ ನಕ್ಷೆ ಬರೆದು, ದಿನಕ್ಕೊಂದು ಸ್ಥಳದಂತೆ ಬೇಥಾನ್ಯ, ಎಣ್ಣೇಮರಗಳ ಗುಡ್ಡ, ದೇವಾಲಯ, ಮೇಲ್ಮಾಳಿಗೆ, ಗೆತ್ಸೇಮನೆ, ಕಲ್ವಾರಿ, ಸಮಾಧಿ ಎಂದು ಓದುತ್ತಾ ಬಂದೆವು. ಮೊದಲನೆಯ ದಿನ ಆರು ಮಂದಿ ಬಂದರು. ಕಡೇ ದಿನ ಮನೆಯ ಒಳಗೆ ಸ್ಥಳವಿರಲಿಲ್ಲ. ಗದ್ದೆಯು ಅಡವಿಗೆ ಹೋಗಲಿಲ್ಲ. ಆ ಪ್ರಕಟಣೆಯ ಕಾಗದವನ್ನು ಮಾತ್ರ ಹಿರಿಯರು ಬಿಸುಡದೆ, ಮನೆಯ ಸತ್ಯವೇದದಲ್ಲಿ ಇಟ್ಟುಕೊಂಡಿದ್ದಾರೆ. ಅವರ ಮಗನು ಮುಂದೊಮ್ಮೆ ತನ್ನ ಸಂಪಾದನೆಯಿಂದ ತಂದೆಯನ್ನು ಕರಕೊಂಡು ಹೋಗುವದಾದರೆ ನಾವೆಲ್ಲರೂ ಪ್ರಾರ್ಥನೆಮಾಡಿ ಕಳುಹಿಸುವೆವು. ಹೋಗದಿದ್ದರೂ ಅವರು ಸೇರಬೇಕಾದ ಪಟ್ಟಣವು ಸಿದ್ಧವಾಗಿದೆ. ಅದರಲ್ಲಿ ದೇವಾಲಯವಿಲ್ಲ, ಕುರಿಮರಿಯೇ ಅದರ ದೇವಾಲಯ (ಪ್ರಕಟಣೆ 21:22).

ಸಭೆಯಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

1. ಇಸ್ರಾಯೇಲ್ಯರಿಗೆ ಯಾತ್ರೆಯು ಆಜ್ಞೆಯಾಗಿತ್ತು. ನಮಗೆ ಯಾಕೆ ಆಜ್ಞೆಯಲ್ಲ? ಯೋಹಾನ 4ನೆಯ ಅಧ್ಯಾಯದಿಂದ ತೋರಿಸಿರಿ.
2. ಐಥಿಯೋಪ್ಯದ ಕಂಚುಕಿಗೆ ಯೆರೂಸಲೇಮಿನಲ್ಲಿ ದೊರೆಯದೆ ದಾರಿಯಲ್ಲಿ ದೊರೆತದ್ದು ಏನು? ಅದು ಯಾರ ಮೂಲಕ ದೊರೆಯಿತು?
3. ಪೌಲನು ಯಾವ ಕಾರಣದಿಂದ ಕಡೇ ಸಾರಿ ಯೆರೂಸಲೇಮಿಗೆ ಹೋದನು?
4. ಬೇತೆಸ್ದ, ಸಿಲೋವ ಕೊಳಗಳು ಕಾಣಬಂದದ್ದು ನಮ್ಮ ವಿಶ್ವಾಸಕ್ಕೆ ಹೇಗೆ ಸಹಾಯವಾಗಿದೆ? ಅವು ಕಾಣಬಾರದಿದ್ದರೆ ನಮ್ಮ ವಿಶ್ವಾಸವು ಬಿದ್ದುಹೋಗುತ್ತಿತ್ತೋ?
5. ಯಾರೂ ತೆಗೆಯಲಾರದ ಆ ಏಣಿಯಂಥ ಜಗಳವು ನಮ್ಮ ಸಭೆಯಲ್ಲಿ ಇದೆಯೋ? ಅದನ್ನು ಮೊದಲು ತೆಗೆಯತಕ್ಕವರು ಯಾರು?